ಉಳುವವರ ಸಂತೆಯಲ್ಲಿ

ನಾವು ಹೊಸೂರಿನ ‘ಉಳವರ್ ಸಂದೈ’ಯನ್ನು ಹೊಕ್ಕಾಗ ಮೂಡಲು ಇನ್ನೂ ಕೆಂಪೇರಿರಲಿಲ್ಲ. ಹೆಸರು ತಮಿಳಾದರೂ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದೇನಿಲ್ಲ. ಅದು ಉಳುವವರ ಸಂತೆಯೇ. ತಮಿಳುನಾಡು ಸರಕಾರವು ಇಂಥ ಮೊದಲ ಸಂತೆಯನ್ನು 1999ರ ನವೆಂಬರ್ 14ರಂದು ಮಧುರೈಯಲ್ಲಿ ತೆರೆಯಿತು. ಇಲ್ಲಿ ದಲ್ಲಾಳಿಗೆ ಎಡೆಯಿಲ್ಲ. ಜಮೀನನ್ನೂ ಬೆಳೆಯನ್ನೂ ಪರಿಶೀಲಿಸಿ ಕೊಟ್ಟ ಗುರುತಿನ ಚೀಟಿಯುಳ್ಳ ರೈತರೇ ಕುಳಿತು ಮಾರಬೇಕು, ತಕ್ಕಡಿ ಸಂತೆಯದೇ. ದಿನದ ದರವನ್ನು ಸಗಟಿಗಿಂತ ತುಸು ಮೇಲೆ, ಚಿಲ್ಲರೆ ಅಂಗಡಿಗಿಂತ ಕೆಳಗೆ ನಿಗದಿಮಾಡಿ ಫಲಕದಲ್ಲಿ ಬರೆಯುತ್ತಾರೆ.

ಫಲಕ ತಮಿಳಿನಲ್ಲಿ, ಚೌಕಾಸಿ ಮಾತ್ರ ತಮಿಳು, ತೆಲುಗು, ಕನ್ನಡ ಮೂರರಲ್ಲೂ. (ದರ ಗೊತ್ತಾದ ಮೇಲೂ ಚೌಕಾಸಿಯೇಕೆ ಎನ್ನುವವರು ಸಂತೆಯನ್ನೇ ಕಂಡವರಲ್ಲ!)

ಸಬ್ಬಸಿಗೆ, ದಂಟು, ಮೆಂತ್ಯದ ಕಟ್ಟುಗಳನ್ನು ಹರಡಿಕೊಂಡಿದ್ದ ವೃದ್ಧೆಯೊಬ್ಬರು ನಮ್ಮ ಕನ್ನಡ ಕೇಳಿ ಮುಖವೆತ್ತಿದರು. ಅವರ ಸೊಪ್ಪಿನ ಮಡಿಗಳು ಊರೊಳಗೇ ಇವೆಯಂತೆ. ನೋಡಬೇಕೆಂದೆವು; ವ್ಯಾಪಾರ ಮುಗಿಸಿ ಕರೆದೊಯ್ದರು. ಕಾಲು ಎಕರೆ ನೆಲ, ಒಂದು ಬಾವಿ, ಮೂರು ಕಡೆಯೂ ಮಹಡಿಮನೆಗಳು.

“ಸೈಟು ಮಾಡಿ ಮಾರೋಣ ಅಂತಾನೆ ಮಗ. ನೆಲ ಹೋದರೆ ಈ ಚೀಟೀನೂ ಹೋದಂಗೇ, ಸ್ವಾಮಿ. ಆಮೇಲೆ ನಾನೂ ಸೊಪ್ಪು ಕೊಳ್ಳೋಕೆ ಸಂತೆಗೆ ಹೋಗಬೇಕು” ಎಂದು ನಕ್ಕರು.

ನಾವು ಏನೂ ಹೇಳಲಾರದೆ ನಿಂತೆವು. ಅವರು ಸೆರಗು ಸಿಕ್ಕಿಸಿ ದಂಟಿನ ಮಡಿಗೆ ನೀರು ತಿರುಗಿಸಿದರು.