ಎಫ್ ದಾಟಿ ನಿಂತ ಮುಳ್ಳು

ಓಹಾಯೋದ ನಮ್ಮ ಬೀದಿಯಲ್ಲಿ ಶನಿವಾರ ಬೆಳಗಾಯಿತೆಂದರೆ ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ. ಒಳಗೆ 1969ರ ಶೆವ್ರೊಲೆ ಸಿ-10 ಪಿಕಪ್. ಯಜಮಾನರು ಅದನ್ನು ಬಿಚ್ಚಿ, ತುಕ್ಕು ಕೆರೆದು, ಬೆಸುಗೆ ಹಾಕಿ, ಬಣ್ಣ ಹೊಡೆಯುವಷ್ಟರಲ್ಲಿ ನಾಲ್ಕು ಚಳಿಗಾಲ ಕಳೆದಿದ್ದವು. ಆ ನೀಲಿ ಮೈಯಲ್ಲಿ ಈಗ ಮುಖ ನೋಡಿಕೊಳ್ಳಬಹುದು. ಆದರೆ ಕೀ ತಿರುಗಿಸಿದೊಡನೆ ಪೆಟ್ರೋಲ್ ಮುಳ್ಳು 'ಎಫ್' ದಾಟಿ ಬಲಕ್ಕೆ ಒರಗಿಬಿಡುತ್ತಿತ್ತು. ಅದನ್ನೇ ನಂಬಿ ಹೊರಟವರು ನಿನ್ನೆ ಹೆದ್ದಾರಿಯ ಬದಿಯಲ್ಲಿ ನಿಂತುಬಿಟ್ಟಿದ್ದರು. ಡಬ್ಬದಿಂದ ಐದು ಗ್ಯಾಲನ್ ಸುರಿದು ಮನೆ ಮುಟ್ಟಿಸಿದ್ದರು.

ನಮ್ಮೂರಲ್ಲಿ ಲಾರಿ ಡ್ರೈವರುಗಳು ಡೀಸೆಲ್ ಟ್ಯಾಂಕಿಗೆ ಕೋಲು ಇಳಿಬಿಟ್ಟು, ಒದ್ದೆ ಎಲ್ಲಿಯವರೆಗೆ ಏರಿದೆ ನೋಡಿ ಹೊರಡುತ್ತಿದ್ದರು. ಇಲ್ಲಿ ಅದು ನಡೆಯದು. ಟ್ಯಾಂಕ್ ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ ಅಂಟಿಕೊಂಡಿದೆ. ಪೆಟ್ರೋಲ್ ಹಾಕುವ ಬಾಯಿ ಡ್ರೈವರ್ ಬಾಗಿಲ ಹಿಂದೆ, ಪಕ್ಕಕ್ಕೆ.

ಯಜಮಾನರು ಸೀಟನ್ನು ಮುಂದಕ್ಕೆ ಬಾಗಿಸಿದರು. ಟ್ಯಾಂಕಿನೊಳಗಿನ ಫ್ಲೋಟ್ ಏರಿಳಿದಂತೆ ಅದರ ತೋಳು ತಂತಿಸುರುಳಿಯ ಮೇಲೆ ಜಾರುತ್ತದೆ. ವಿದ್ಯುತ್ ತಡೆ ಖಾಲಿಗೆ ಸೊನ್ನೆ ಓಮ್, ಭರ್ತಿಗೆ 90. ಕರೆಂಟಿನ ದಾರಿ ಎಲ್ಲೋ ಕಡಿದಿದ್ದರೆ ಟ್ಯಾಂಕ್ ತುಂಬಿ ತುಳುಕುತ್ತಿದೆ ಎಂದೇ ಮೀಟರಿನ ಲೆಕ್ಕ.

ಕೀ ಆಫ್ ಮಾಡಿ, ಟ್ಯಾಂಕಿನ ಮೇಲಿನ ತಂತಿ ಕಳಚಿ, ಕ್ಯಾಬಿನ್ನಿನ ಬರಿಯ ಲೋಹಕ್ಕೆ ಬಿಗಿದರು. ಪೆಟ್ರೋಲ್ ಹಬೆಯ ನಡುವೆ ಒಂದು ಕಿಡಿಯೂ ಹಾರಬಾರದಲ್ಲ. ಆಮೇಲೆ ಕೀ ತಿರುಗಿಸಿದರು. ಮುಳ್ಳು ಸರ್ರನೆ 'ಇ'ಗೆ ಇಳಿಯಿತು. ಮೀಟರು ಸರಿ, ತಂತಿಯೂ ಸರಿ.

ಮಲ್ಟಿಮೀಟರಿನ ಒಂದು ಕಡ್ಡಿ ತಂತಿ ಕಳಚಿದ ಟರ್ಮಿನಲ್ಲಿಗೆ, ಇನ್ನೊಂದು ಫ್ಲೋಟಿನ ಲೋಹದ ಮುಚ್ಚಳಕ್ಕೆ: 22 ಓಮ್. ಸುಮಾರು ಕಾಲು ಟ್ಯಾಂಕ್. ಎರಡನೆಯ ಕಡ್ಡಿಯನ್ನು ಕ್ಯಾಬಿನ್ನಿಗೆ ಸರಿಸಿದರೆ ಅಂಕಿಯೇ ಇಲ್ಲ! ಇಂಥ ಗಾಡಿಯಲ್ಲಿ ಕರೆಂಟು ಬ್ಯಾಟರಿಗೆ ಮರಳುವುದು ಗಾಡಿಯ ಮೈಯ ಮೂಲಕವೇ. ಹಳೆಯ ಬೋಲ್ಟುಗಳ ಅಡಿಯಲ್ಲಿ ಲೋಹ ಲೋಹಕ್ಕೆ ತಾಗುತ್ತಿತ್ತು. ಈಗ ಟ್ಯಾಂಕಿಗೂ ಬಣ್ಣ, ಕ್ಯಾಬಿನ್ನಿಗೂ ಬಣ್ಣ, ನಡುವೆ ಹೊಸ ರಬ್ಬರ್. ಅರ್ತಿಂಗೇ ಇಲ್ಲ. ಇಷ್ಟು ಶ್ರದ್ಧೆಯಿಂದ ಹೊಡೆದ ಬಣ್ಣವೇ ದಾರಿಗಡ್ಡ ನಿಂತದ್ದು ನೋಡಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಅವರು ಎಮರಿ ಕಾಗದ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಸೀಟಿನ ಹಿಂದೆ ನಾಣ್ಯದಗಲದ ಜಾಗ ಉಜ್ಜಿದರು. ನೀಲಿ ಹೋಯಿತು, ಪ್ರೈಮರಿನ ಬೂದು ಹೋಯಿತು, ಬೆಳ್ಳಗೆ ಲೋಹ ಮಿನುಗಿತು. ಮುಚ್ಚಳದ ಸ್ಕ್ರೂವಿನಿಂದ ಅಲ್ಲಿಗೊಂದು ಗೇಣುದ್ದದ ತಂತಿ. ಕಳಚಿದ ತಂತಿ ಮೊದಲಿನ ಜಾಗಕ್ಕೆ ಮರಳಿತು.

ಕೀ. ಮುಳ್ಳು ಒಮ್ಮೆ ನಡುಗಿ, ಕಾಲುಭಾಗದ ಗೆರೆಯ ಹತ್ತಿರ ನಿಂತಿತು. ಉಜ್ಜಿದ ಜಾಗಕ್ಕೆ ಬೆರಳಿನಿಂದ ಗ್ರೀಸ್ ಸವರಿ, ಅವರು ಸೀಟನ್ನು ಹಿಂದಕ್ಕೆ ತಳ್ಳಿದರು.