ರೊಟ್ಟಿಯ ಕೊರತೆ ತುಂಬುವ ತೊಗರಿಬೇಳೆ

ಜೋಳದ ರೊಟ್ಟಿ, ತೊಗರಿಬೇಳೆ: ಇದು ಕಲಬುರಗಿ ಸೀಮೆಯ ಬಡವ ಬಲ್ಲಿದರೆಲ್ಲರ ಊಟ. ನಮ್ಮ ಹಿರಿಯರು ಅನುಭವದಿಂದ ಕೂಡಿಸಿದ ಈ ಜೋಡಿಯ ಗುಣವನ್ನು ಇಂದಿನ ಆಹಾರವಿಜ್ಞಾನವು ‘ಲೈಸಿನ್’ ಎಂಬ ಅಮೈನೋ ಆಮ್ಲದ ಮೂಲಕ ವಿವರಿಸುತ್ತದೆ.

ನಾವು ಉಂಡ ಸಸಾರಜನಕವು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಇವುಗಳಲ್ಲಿ 9 ಆಮ್ಲಗಳನ್ನು ಶರೀರವು ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಲೈಸಿನ್ ಅವುಗಳಲ್ಲೊಂದು. ಮಕ್ಕಳ ಬೆಳವಣಿಗೆಗೆ, ಸ್ನಾಯುಗಳ ಪುಷ್ಟಿಗೆ, ಎಲುಬು ಹಾಗೂ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ರಚನೆಗೆ ಇದು ಬೇಕು. ಇದೊಂದು ಸಾಲದಾದರೆ ಉಳಿದ ಆಮ್ಲಗಳು ಎಷ್ಟಿದ್ದರೂ ಶರೀರ ಕಟ್ಟುವ ಕಾರ್ಯ ಕುಂಠಿತವಾಗುತ್ತದೆ.

ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 30 ಮಿಲಿಗ್ರಾಂ ಲೈಸಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. 60 ಕಿಲೋ ತೂಗುವವರಿಗೆ ಇದು 1800 ಮಿಲಿಗ್ರಾಂ. 400 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದರೂ ಸಿಗುವುದು ಇದರ ಅರ್ಧದಷ್ಟು ಮಾತ್ರ. ಸುಮಾರು 75 ಗ್ರಾಂ ತೊಗರಿಬೇಳೆ ಉಳಿದರ್ಧವನ್ನು ತುಂಬಿಕೊಡುತ್ತದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಆಮ್ಲವನ್ನು ಜೋಳವು ಪೂರೈಸುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ತೊಗರಿಯ ಹಿರಿಮೆ ರುಚಿಗಷ್ಟೇ ಸೀಮಿತವಲ್ಲ.

ನೆರೆಯ ಕಮಲಾಪುರದ ಕೆಂಪು ಬಾಳೆಹಣ್ಣು ನಾಡಿಗೆಲ್ಲ ಪ್ರಸಿದ್ಧ. ಅದು ಮಕ್ಕಳಿಗೆ ಶಕ್ತಿ ಕೊಡುವುದು ನಿಜ. ಆದರೆ 100 ಗ್ರಾಂ ಬಾಳೆಹಣ್ಣಿನಲ್ಲಿ ಸಸಾರಜನಕ ಸುಮಾರು 1 ಗ್ರಾಂ ಮಾತ್ರ. ಹಣ್ಣಿನ ಜೊತೆಗೆ ಒಂದು ಲೋಟ ಹಾಲು ಕೊಟ್ಟರೆ ಲೈಸಿನ್ ಕೂಡ ದೊರೆಯುತ್ತದೆ. ರೊಟ್ಟಿಗೆ ಬರೀ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡರೂ ಕೊರತೆ ಪೂರ್ಣ ನೀಗದು. ಶೇಂಗಾದಲ್ಲಿಯೂ ಲೈಸಿನ್ ಕಡಿಮೆಯೇ.

ಬೇಳೆಯ ಬೆಲೆ ಏರಿದಾಗ ಸಾರು ತೆಳುವಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಲು ಕೂಡುವ ತಾಯಿಗೆ, ಸೊಸೆಗೆ ಪಾತ್ರೆಯ ತಳದಲ್ಲಿ ಉಳಿಯುವುದು ತಿಳಿಸಾರು ಮಾತ್ರ. ಗರ್ಭಿಣಿಗೆ, ಹಾಲೂಡಿಸುವ ತಾಯಿಗೆ ಅಗತ್ಯ ಹೆಚ್ಚಿರುವಾಗಲೇ ಅವರ ಪಾಲು ಕಿರಿದಾಗುತ್ತದೆ. ತೊಗರಿ ತುಟ್ಟಿಯಾದರೆ ಹೆಸರು, ಕಡಲೆ, ಅಲಸಂದಿ, ಮೊಸರು ಆ ಸ್ಥಾನ ತುಂಬಬಲ್ಲವು. ಶಾಕಾಹಾರಿಗಳಾದ ನಮಗೆ ಇವೇ ಆಧಾರ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು.

ದಾಸೋಹದ ಪಂಕ್ತಿಯಲ್ಲಿ ಹೆಚ್ಚು ಕಡಿಮೆಯೆಂಬ ಭೇದವಿಲ್ಲ. ಆ ಸಮಪಾಲು ನಮ್ಮ ಅಡುಗೆಮನೆಗೂ ಬರಲಿ; ಬಡಿಸುವವಳ ತಟ್ಟೆಗೂ ಗಟ್ಟಿಬೇಳೆ ಬೀಳಲಿ.