ಬಾಕ್ಸಿಂಗ್‌ನಲ್ಲಿ ಈಗ ಸ್ಟಾರ್‌ಗಳೇ ಇಲ್ವಾ?

ಇವತ್ತಿನ ಸಂಚಿಕೆ ಬಾಕ್ಸಿಂಗ್ ಬಗ್ಗೆ. ಪ್ರಶ್ನೆ ಸರಳ: ಮೊದಲಿನಂಥ ಸ್ಟಾರ್‌ಗಳು ಬಾಕ್ಸಿಂಗ್‌ನಲ್ಲಿ ಈಗ ಇಲ್ವಾ? ಹಿರಿಯರನ್ನು ಕೇಳಿದ್ರೆ ಮೊಹಮ್ಮದ್ ಅಲಿ ಹೆಸರು ಬರತ್ತೆ. ತೊಂಬತ್ತರ ದಶಕದಲ್ಲಿ ಬೆಳೆದವರು ಮೈಕ್ ಟೈಸನ್ ಅಂತಾರೆ. ಈಗ ಯಾರು ಅಂತ ಕೇಳಿ ನೋಡಿ, ಹೆಚ್ಚಿನವರು ಮೊಬೈಲ್ ತೆಗೆದು ಹುಡುಕ್ತಾರೆ.

ನಾನು ಅಮಾಸೆಬೈಲಿನವನು. ಕುಂದಾಪುರ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿರೋ ಊರು. ನಮ್ಮೂರಲ್ಲಿ ಬಾಕ್ಸಿಂಗ್ ರಿಂಗ್ ಇಲ್ಲ. ಇರೋದು ಆಟ, ಅಂದ್ರೆ ಯಕ್ಷಗಾನ. ಆದ್ರೆ ಆಟದ ಲೋಕ ಸ್ವಲ್ಪ ಗೊತ್ತಿದ್ರೆ ಬಾಕ್ಸಿಂಗ್‌ನ ಸಮಸ್ಯೆ ಬೇಗ ಅರ್ಥ ಆಗತ್ತೆ. ಹೇಗೆ ಅಂತ ಹೇಳ್ತೇನೆ.

ಬಯಲಾಟದಿಂದ ಟೆಂಟಿಗೆ

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಬಯಲಲ್ಲಿ ರಂಗಸ್ಥಳ ಕಟ್ತಾರೆ, ಯಾರು ಬೇಕಾದ್ರೂ ಬಂದು ಕೂರಬಹುದು. ಆಟದ ಹುಚ್ಚು ಇಲ್ಲದವನಿಗೂ ಒಳ್ಳೇ ವೇಷಧಾರಿಯ ಹೆಸರು ಬಾಯಿಗೆ ಬರತ್ತೆ. ಟೆಂಟ್ ಮೇಳದ ಆಟ ಹಾಗಲ್ಲ. ಒಳಗೆ ಹೋಗಬೇಕಾದ್ರೆ ಟಿಕೆಟ್ ತಗೊಳ್ಳಬೇಕು.

ಅಮೆರಿಕದಲ್ಲಿ ಬಾಕ್ಸಿಂಗ್ ಬಯಲಿನಿಂದ ಟೆಂಟಿಗೆ ಹೋಯ್ತು. 1950ರ ದಶಕದಲ್ಲಿ ಅಲ್ಲಿನ ಟಿವಿಯಲ್ಲಿ ವಾರವಾರ ಉಚಿತವಾಗಿ ಬಾಕ್ಸಿಂಗ್ ಬರ್ತಿತ್ತು. 1978ರಲ್ಲಿ ಅಲಿ ಮತ್ತು ಲಿಯಾನ್ ಸ್ಪಿಂಕ್ಸ್ ನಡುವಿನ ಎರಡೂ ಪಂದ್ಯಗಳನ್ನು ಜನ ಉಚಿತ ಟಿವಿಯಲ್ಲೇ ನೋಡಿದ್ರು. ಆಮೇಲೆ ಕೇಬಲ್ ಬಂತು, ಅದರ ಹಿಂದೆ 'ಪೇ ಪರ್ ವ್ಯೂ' ಬಂತು. ಅಂದ್ರೆ ಒಂದೊಂದು ಪಂದ್ಯಕ್ಕೂ ಬೇರೆ ಬೇರೆ ದುಡ್ಡು. 2015ರ ಮೇ 2ರಂದು ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ಆಡಿದಾಗ ಅಮೆರಿಕದಲ್ಲಿ ಒಂದು ಮನೆಗೆ ಸುಮಾರು 100 ಡಾಲರ್. ಅಷ್ಟು ಕೊಟ್ಟು ಸುಮಾರು 46 ಲಕ್ಷ ಜನ ಖರೀದಿ ಮಾಡಿದ್ರು, ಅದು ದಾಖಲೆ.

ದುಡ್ಡಿನ ಲೆಕ್ಕದಲ್ಲಿ ಬಾಕ್ಸಿಂಗ್‌ಗೆ ಅದಕ್ಕಿಂತ ದೊಡ್ಡ ದಿನ ಬೇಕಾ? ಆದ್ರೆ ದುಡ್ಡು ಕೊಡೋಕಾಗದ ಮನೆಯ ಹನ್ನೆರಡು ವರ್ಷದ ಹುಡುಗ ಆ ಪಂದ್ಯ ನೋಡಲಿಲ್ಲ. ಮುಂದಿನ ಅಭಿಮಾನಿ ಆಗಬೇಕಾದವನು ಅವನು.

ಜೋಡಾಟವೇ ಆಗೋದಿಲ್ಲ

ಎರಡನೇ ಕಾರಣ ಬೆಲ್ಟ್‌ಗಳು. ಹಿಂದೆ ತೂಕದ ವಿಭಾಗ 8 ಇದ್ವು. ಈಗ ವೃತ್ತಿಪರ ಬಾಕ್ಸಿಂಗ್‌ನಲ್ಲಿ 17 ಇವೆ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ಸಂಸ್ಥೆಗಳು, ಪ್ರತಿಯೊಂದೂ ಪ್ರತಿ ವಿಭಾಗಕ್ಕೆ ತನ್ನದೇ ಚಾಂಪಿಯನ್ ಅಂತ ಹೇಳ್ತವೆ. ಗುಣಿಸಿ ನೋಡಿ: 68 ಬೆಲ್ಟ್. ಇಷ್ಟು ಹೆಸರು ಯಾರಿಗೆ ನೆನಪಿರತ್ತೆ ಮಾರಾಯ್ರೆ?

ಇದರ ಮೇಲೆ ಪ್ರೊಮೋಟರ್‌ಗಳು. ಇವರು ನಮ್ಮ ಮೇಳದ ಯಜಮಾನರ ಹಾಗೆ. ಆ ಮೇಳದ ಕಲಾವಿದ ಆ ಮೇಳದ ತಿರುಗಾಟದಲ್ಲೇ ಇರ್ತಾನೆ. ನಮ್ಮಲ್ಲಿ ಜೋಡಾಟ ಅಂತ ಇದೆ: ಎರಡು ಮೇಳಗಳು ಅಕ್ಕಪಕ್ಕ ರಂಗಸ್ಥಳ ಕಟ್ಟಿ ಒಂದೇ ಪ್ರಸಂಗವನ್ನು ಪೈಪೋಟಿಯಲ್ಲಿ ಆಡೋದು. ಜೋಡಾಟ ಅಂದ್ರೆ ಜನ ಎಲ್ಲಿಂದೆಲ್ಲಿಗೋ ಬರ್ತಾರೆ. ಬಾಕ್ಸಿಂಗ್‌ಗೂ ಅದೇ ಬೇಕು, ಆದ್ರೆ ಯಜಮಾನರು ಒಪ್ಪೋದಿಲ್ಲ. ಮೇವೆದರ್–ಪ್ಯಾಕಿಯಾವೊ ಮಾತುಕತೆ ಶುರು ಆದದ್ದು 2009ರಲ್ಲಿ. ರಿಂಗಿಗೆ ಇಳಿಯೋ ಹೊತ್ತಿಗೆ ಒಬ್ಬರಿಗೆ 38 ವರ್ಷ, ಇನ್ನೊಬ್ಬರಿಗೆ 36.

ಹೆವಿವೇಯ್ಟ್‌ನಲ್ಲಿ ಇನ್ನೂ ಕಷ್ಟ. 1999ರಲ್ಲಿ ಲೆನಾಕ್ಸ್ ಲೂಯಿಸ್ ನಿರ್ವಿವಾದ ಚಾಂಪಿಯನ್ ಆದ ಮೇಲೆ, ಎಲ್ಲ ಬೆಲ್ಟ್ ಒಬ್ಬನ ಕೈಗೆ ಬರೋಕೆ 2024ರ ಮೇ ತನಕ ಕಾಯಬೇಕಾಯ್ತು. ಆಗ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿದ್ರು. ಅದನ್ನೂ ಮಾಡಿಸಿದ್ದು ಸೌದಿ ದುಡ್ಡು.

ನೋಡೋರು ಕಡಿಮೆ ಆಗಿದ್ದಾರಾ?

ಇಲ್ಲ. 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್ ಮತ್ತು 27 ವರ್ಷದ ಯೂಟ್ಯೂಬರ್ ಜೇಕ್ ಪಾಲ್ ಪಂದ್ಯವನ್ನು ಜಗತ್ತಿನಾದ್ಯಂತ 10.8 ಕೋಟಿ ಜನ ನೇರ ಪ್ರಸಾರದಲ್ಲಿ ನೋಡಿದ್ರು ಅಂತ ನೆಟ್‌ಫ್ಲಿಕ್ಸ್ ಲೆಕ್ಕ ಕೊಡ್ತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನೆಟ್‌ಫ್ಲಿಕ್ಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ಕನೆಲೊ ಆಲ್ವರೆಜ್ ಆಡಿದ್ರು. ಇಬ್ಬರೂ ಈ ಕಾಲದ ದೊಡ್ಡ ಬಾಕ್ಸರ್‌ಗಳು, ಕ್ರಾಫರ್ಡ್ ಅಂತೂ ಸೋಲೇ ಕಾಣದವರು. ಅದಕ್ಕೆ ಸಿಕ್ಕಿದ್ದು 4.1 ಕೋಟಿ.

ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಒಳ್ಳೇ ಪಂದ್ಯಕ್ಕಿಂತ ಪರಿಚಯದ ಮುಖಕ್ಕೆ ಎರಡೂವರೆ ಪಟ್ಟಿಗೂ ಹೆಚ್ಚು ಜನ. ಟೈಸನ್ ಮುಖ ಪರಿಚಯ ಆದದ್ದು ಎಂಬತ್ತರ ದಶಕದಲ್ಲಿ, ಜೇಕ್ ಪಾಲ್ ಮುಖ ಯೂಟ್ಯೂಬಿನಲ್ಲಿ. ಈಗಿನ ಬಾಕ್ಸಿಂಗ್ ತಾನಾಗಿ ಹೊಸ ಮುಖವನ್ನು ಅಷ್ಟು ಮನೆಗೆ ತಲುಪಿಸ್ತಾ ಇಲ್ಲ.

ನಮ್ಮ ದೇಶದ ಕತೆ

ನಮ್ಮಲ್ಲಿ ಬಾಕ್ಸಿಂಗ್ ಸ್ಟಾರ್ ಹುಟ್ಟೋದು ಒಲಿಂಪಿಕ್ಸ್ ಪದಕದಿಂದ. 2008ರಲ್ಲಿ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್ ಕಂಚು, ಅದು ಭಾರತಕ್ಕೆ ಬಾಕ್ಸಿಂಗ್‌ನ ಮೊದಲ ಒಲಿಂಪಿಕ್ಸ್ ಪದಕ. 2012ರಲ್ಲಿ ಮೇರಿ ಕೋಮ್ ಕಂಚು, ಎರಡೇ ವರ್ಷಕ್ಕೆ ಸಿನಿಮಾ. 2016ರಲ್ಲಿ ಏನೂ ಇಲ್ಲ. ಟೋಕಿಯೊದಲ್ಲಿ ಲವ್ಲೀನಾಗೆ ಕಂಚು. 2024ರ ಪ್ಯಾರಿಸ್‌ಗೆ 6 ಮಂದಿ ಹೋದ್ರು, ಪದಕ ಬರಲಿಲ್ಲ. ಆಗಲೇ 'ಬಾಕ್ಸಿಂಗ್ ಮುಗೀತು' ಅನ್ನೋ ಮಾತು ಶುರು ಆಯ್ತು.

ಆದ್ರೆ 2023ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಹುಡುಗಿಯರು ನಾಲ್ಕು ಚಿನ್ನ ಗೆದ್ದಿದ್ರು. 2025ರಲ್ಲಿ ಲಿವರ್‌ಪೂಲ್‌ನಲ್ಲಿ ಇನ್ನೆರಡು, ಜೈಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ. ಈ ಎರಡು ಹೆಸರು ನಿಮಗೆ ಮೊದಲೇ ಗೊತ್ತಿತ್ತಾ? ಸುಮಾರು ಜನರಿಗೆ ಗೊತ್ತಿರಲಿಕ್ಕಿಲ್ಲ. ಆಡುವವರ ಮಟ್ಟ ಇಳಿದಿಲ್ಲ, ಹೆಸರು ನಮ್ಮ ತನಕ ಬರೋ ದಾರಿ ಮುಚ್ಚಿದೆ.

ಸ್ಟಾರ್ ಇರೋದು ಯಾಕೆ?

ಇದರಿಂದ ನಷ್ಟ ಯಾರಿಗೆ ಅನ್ನೋದಕ್ಕೆ ನಮ್ಮ ತಾಲೂಕಿನದ್ದೇ ಉದಾಹರಣೆ ಇದೆ. ವಂಡ್ಸೆ ಭಾಗದ ಗುರುರಾಜ ಪೂಜಾರಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ವೇಟ್‌ಲಿಫ್ಟಿಂಗ್‌ನಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು. ಅವರ ತಂದೆ ವಾಹನ ಚಾಲಕರು.

ಗುರುರಾಜ ಶುರು ಮಾಡಿದ್ದು ಕುಸ್ತಿಯಿಂದ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದ್ದೇ ಕಾರಣ. ಆಮೇಲೆ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಹೋದಾಗ ಅಲ್ಲಿನ ಕೋಚ್ ಅವರನ್ನು ವೇಟ್‌ಲಿಫ್ಟಿಂಗ್‌ಗೆ ತಿರುಗಿಸಿದ್ರು. ಇದರಲ್ಲಿ ಎರಡು ಮೆಟ್ಟಿಲು ಇವೆ. ಟಿವಿಯಲ್ಲಿ ಕಂಡ ಸ್ಟಾರ್ ಮೊದಲನೇದು. ಹತ್ತಿರದಲ್ಲಿ ಸಿಕ್ಕ ಕೋಚ್ ಮತ್ತು ಕಬ್ಬಿಣ ಎತ್ತೋಕೆ ಒಂದು ಜಾಗ ಎರಡನೇದು.

ಹರಿಯಾಣದ ಭಿವಾನಿಯಲ್ಲೂ ಅದೇ ಆದದ್ದು. ಅಲ್ಲಿನ ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಯ್ಟ್ ಚಿನ್ನ ಗೆದ್ದು, ಊರಿಗೆ ಬಂದು ಮಕ್ಕಳಿಗೆ ಕಲಿಸಿದ್ರು. ವಿಜೇಂದರ್ ಅದೇ ಭಿವಾನಿಯವರು. ಜೈಸ್ಮಿನ್ ಲಂಬೋರಿಯಾ ಹವಾ ಸಿಂಗ್ ಮನೆತನದವರೇ.

ಕರ್ನಾಟಕದಲ್ಲಿ ಜಾಗ ಇಲ್ಲ ಅಂತಲ್ಲ. ಬಳ್ಳಾರಿ ಕಡೆಯ ವಿಜಯನಗರದಲ್ಲಿರೋ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್ ತರಬೇತಿ ಇದೆ. ಪ್ಯಾರಿಸ್‌ನಲ್ಲಿ ಆಡಿದ ನಿಶಾಂತ್ ದೇವ್ ಅಲ್ಲಿ ತಯಾರಾದವರು. 2021ರಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಕೂಡ ಅಲ್ಲೇ ಆಯ್ತು. ಆದ್ರೆ ಅಮಾಸೆಬೈಲಿನ ಹುಡುಗಿಗೆ ಬಳ್ಳಾರಿ ಬಹಳ ದೂರ.

ಹುಡುಗಿ ಅಂದದ್ದು ಸುಮ್ಮನೆ ಅಲ್ಲ. ನಮ್ಮೂರಿನ ಹೈಸ್ಕೂಲ್ ಹುಡುಗಿಯೊಬ್ಬಳು ರೀಲ್ಸ್‌ನಲ್ಲಿ ನಿಖತ್ ಜರೀನ್ ಪಂದ್ಯದ ತುಣುಕು ನೋಡಿ ನನ್ನ ಹತ್ರ ಕೇಳಿದ್ಲು: "ಅಣ್ಣ, ಬಾಕ್ಸಿಂಗ್ ಕಲಿಯೂಕೆ ಎಲ್ಲಿಗ್ ಹೋಯ್ಕ್?" ಉಡುಪಿಗೆ ಹೋಗಿ ಅಜ್ಜರಕಾಡು ಕ್ರೀಡಾಂಗಣದಲ್ಲಿ ವಿಚಾರಿಸು, ಶಾಲೆಯ ಪಿಟಿ ಮೇಷ್ಟ್ರ ಹತ್ರ ಮಾತಾಡು ಅಂತ ಹೇಳಿದೆ. "ಸಂಜೆ ಕಲ್ತ್ ಬಪ್ಪತಿಗೆ ಬಸ್ ಇರತ್ತಾ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಓಟ ಆದ್ರೆ ರಸ್ತೆಯಲ್ಲಿ ಒಬ್ಬಳೇ ಓಡಬಹುದು. ಬಾಕ್ಸಿಂಗ್ ಯೂಟ್ಯೂಬ್ ನೋಡಿ ಕಲಿಯೋ ವಿದ್ಯೆ ಅಲ್ಲ. ಅವಳ ತೂಕದ ಜೊತೆಗಾತಿ ಬೇಕು, ಹೆಡ್‌ಗಾರ್ಡ್ ಬೇಕು, ಪೆಟ್ಟು ಜಾಸ್ತಿ ಆದಾಗ 'ನಿಲ್ಸು' ಅನ್ನೋಕೆ ಕೋಚ್ ಬೇಕು.

ಹಾಗಾದ್ರೆ ಸ್ಟಾರ್‌ಗಿರಿ ಕಡಿಮೆ ಆಗಿದ್ಯಾ? ನನ್ನ ಉತ್ತರ: ಅಲಿಯ ಹಾಗೆ ಎಲ್ಲರಿಗೂ ಗೊತ್ತಿರೋ ಒಬ್ಬ ಸ್ಟಾರ್ ಈಗಿಲ್ಲ, ಚೂರುಚೂರಾಗಿ ಬೇರೆ ಬೇರೆ ಆ್ಯಪ್‌ಗಳಲ್ಲಿ ಹಂಚಿ ಹೋಗಿದ್ದಾರೆ. ಆದ್ರೂ ಒಂದು ರೀಲ್ ನಮ್ಮೂರಿನ ತನಕ ಬಂದು ಒಬ್ಬಳಲ್ಲಿ ಆಸೆ ಹುಟ್ಟಿಸಿತು, ಅಂದ್ರೆ ಮೊದಲ ಮೆಟ್ಟಿಲು ಇನ್ನೂ ಗಟ್ಟಿ ಇದೆ. ಇಲ್ಲದ್ದು ಎರಡನೇದು. ಬಾಕ್ಸಿಂಗ್ ಒಲಿಂಪಿಕ್ಸ್‌ನಿಂದಲೇ ಹೊರಬೀಳೋ ಹಾಗಿತ್ತು, 2025ರ ಮಾರ್ಚ್‌ನಲ್ಲಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸೇರಿಸಿಕೊಂಡ್ರು. ಗುರಿ ಅಂತೂ ಉಳೀತು, ತಾಲೂಕಿಗೊಂದು ರಿಂಗ್ ಮತ್ತು ಸಂಜೆ ಏಳಕ್ಕೊಂದು ಬಸ್ ಆದ್ರೆ ಆಯ್ತು.

ಹ್ವಾಯ್, ನಿಮ್ಮ ತಾಲೂಕಿನಲ್ಲಿ ಬಾಕ್ಸಿಂಗ್ ಕಲಿಸೋರು ಇದ್ದಾರಾ? ಎಲ್ಲಿ, ಎಷ್ಟು ಹೊತ್ತಿಗೆ ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಕೇಳಿದವಳಿಗೆ ನಾನು ತಲುಪಿಸ್ತೇನೆ. ಮುಂದಿನ ಸಂಚಿಕೆಯಲ್ಲಿ ಸಿಗುವ.